ವರನ ತೆಂಗಿನಕಾಯಿ

ಸವದತ್ತಿ, ಡಿಸೆಂಬರ್ 1997

ಮುದ್ದಿನ ಅಜ್ಜೀ,

ಕನ್ನಡಕ ಹಾಕಿಕೊಂಡು ಮೊದಲು ನೀನೊಬ್ಬಳೇ ಓದು. ಹೆಣ್ಣು ನೋಡುವ ಶಾಸ್ತ್ರ ತಪ್ಪಿಸಿಕೊಂಡು ಸೈಕಲ್ ಹತ್ತಿದ ನಿನ್ನ ಮೊಮ್ಮಗಳಿಗೆ ಇವತ್ತು ಏನಾಯಿತು ಕೇಳು.

ಬೈಲಹೊಂಗಲ ಬಿಟ್ಟು ಮುರಗೋಡಕ್ಕೆ ಬರುವಷ್ಟರಲ್ಲಿ ಜಾಲಿ ಮುಳ್ಳು ಚುಚ್ಚಿ ಪಂಕ್ಚರ್ ಆಯಿತು. ಸೈಕಲ್ ಅಂಗಡಿಯ ಮೀರಾಸಾಬರು ಟ್ಯೂಬು ಬಿಚ್ಚುತ್ತಿದ್ದಾಗ ಅವರ ಹೆಂಡತಿ ರಹೀಮಬಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಒಬ್ಬಾಕೀನ ಇಷ್ಟು ದೂರ ಸೈಕಲ್ ತುಳಕೋತ ಬಂದೀ ಅಂದ್ರ ಎಲ್ಲವ್ವನ ಹರಕೀನ ಇರಬೇಕು. ಗಂಡ ಸಿಗಲಿ ಅಂತ ಹೌದಲ್ಲ ಯವ್ವಾ?" ಅಂದರು. ಒಳಗಿಂದ ಬಿಸಿ ರೊಟ್ಟಿ, ಎಣಗಾಯಿಯ ಘಮ ಬರುತ್ತಿತ್ತು. ಹೌದು ಅಂದುಬಿಟ್ಟೆ.

ಊಟವೇನೋ ಭರ್ಜರಿಯಾಯಿತು. ಮೀರಾಸಾಬರು ಪಂಕ್ಚರಿನ ದುಡ್ಡನ್ನೂ ಮುಟ್ಟಲಿಲ್ಲ. "ಹರಕಿ ಸೈಕಲ್ ಐತ್ರಿ ಇದು, ರೊಕ್ಕ ಬ್ಯಾಡ. ನಮ್ಮದೊಂದು ಕಾಯಿ ಒಯ್ದು ಒಡಸ್ರಿ, ಸಾಕು" ಎಂದರು. ಅದನ್ನು ಕೇಳಿ ಓಣಿಯವರೆಲ್ಲ ಒಂದೊಂದು ಕಾಯಿ ತಂದರು. ಕೊನೆಗೆ ರಹೀಮಬಿ, ನನಗೆ ಸಿಗಲಿರುವ ವರನ ಹೆಸರಿನಲ್ಲಿ ಇನ್ನೊಂದನ್ನು ತಾವೇ ಕ್ಯಾರಿಯರಿಗೆ ಬಿಗಿದರು. ಗುಡ್ಡದ ಗೊಡವೆಯಿಲ್ಲದೆ ನೇರ ರಾಮದುರ್ಗಕ್ಕೆ ಹೋಗಬೇಕಿದ್ದವಳು, ಗೋಣಿಚೀಲದ ತುಂಬ ಕಾಯಿ ಹೇರಿಕೊಂಡು ಎಲ್ಲವ್ವನ ಗುಡ್ಡಕ್ಕೆ ಏದುಸಿರು ಬಿಡುತ್ತ ಸೈಕಲ್ ನೂಕಿದೆ.

ಎಲ್ಲರ ಕಾಯಿಯನ್ನೂ ಒಡೆಸಿದೆ. ವರನದನ್ನು ಮಾತ್ರ ಒಡೆಸಲಿಲ್ಲ, ನಾಳೆಯ ಬುತ್ತಿಗಾಯಿತು. ಮಂಡಿನೋವು ಬಿಟ್ಟರೆ ಆರೋಗ್ಯವಾಗಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಅಮ್ಮ ಮತ್ತೆ ವರನ ಮಾತೆತ್ತಿದರೆ, ರಾಮದುರ್ಗದ ದಾರಿಯಲ್ಲಿ ಬೆಲ್ಲದ ಜೊತೆ ಅವನನ್ನು ತಿಂದು ಮುಗಿಸಿದಳು ಅಂತ ಹೇಳಿಬಿಡು.

ನಿನ್ನ ಗೌತಮಿ