ಬಾವಿಯ ಶಂಖದ ಕಲ್ಲು ಯಾರದು?

ಹಿರೋಳ್ಳಿ, ಆಳಂದ ತಾಲೂಕು
೧೨ ಡಿಸೆಂಬರ್ ೧೯೪೮

ಪ್ರೀತಿಯ ತಮ್ಮ ಬಸವಂತರಾಯ,

ಈ ದೀಪಾವಳಿಯ ಮರುದಿನ ಸೊಲ್ಲಾಪುರದ ವಾಚನಾಲಯದಲ್ಲಿ, ತುಂಬಿದ ಸಭೆಯ ಎದುರಿಗೆ, ನೀನು ನನ್ನ ಕಲ್ಲನ್ನು ನಿನ್ನ ಹೆಂಡತಿಯದೆಂದು ಹೇಳಿದೆ. ಇದನ್ನು ಮೊದಲು ಬರೆದುಬಿಟ್ಟೆ. ಇಲ್ಲದಿದ್ದರೆ ಕ್ಷೇಮ ಕೇಳಲು ಮನಸ್ಸು ಬರುತ್ತಿರಲಿಲ್ಲ. ನಿನ್ನ ಕೆಮ್ಮು ಹೇಗಿದೆ? ಗಿರಣಿಯ ಹೊಗೆ ನಿನಗೆ ಆಗುವುದಿಲ್ಲ, ಮಲಗುವ ಮುಂಚೆ ಬಿಸಿನೀರು ಕುಡಿ. ಗುರಮ್ಮನ ಆರೋಗ್ಯ ಕೇಳುವುದಿಲ್ಲ. ಸಭೆಯಲ್ಲಿ ಶಾಲು ಹೊದ್ದವಳಿಗೆ ಚಳಿ ಎಲ್ಲಿಯದು!

ಸುದ್ದಿ ತಂದವನು ನಮ್ಮ ಬಾವಿ ಅಗೆದ ಸೈದಪ್ಪ. ಅಲ್ಲಿ ಕೂಲಿಗೆ ಹೋದವನು ಸಭೆಯ ಹಿಂದೆ ನಿಂತು ಎಲ್ಲ ಕೇಳಿದನಂತೆ. ಅಂಗಳಕ್ಕೆ ಬಂದವನೇ, “ಯಕ್ಕಾ, ಬಾವಿ ಅಗದಾಂವ ನಾ, ಕಲ್ಲ ಆರಿಸಿದಾಕಿ ನೀ, ಶಾಲ ಹೊದ್ಕೊಂಡಾಕಿ ನಿನ್ನ ತಮ್ಮನ ಹೇಣ್ತಿ! ಭಾರಿ ನಸೀಬ ಆಕೀದು,” ಎಂದು ನಕ್ಕ. ನನಗೆ ನಗು ಬರಲಿಲ್ಲ.

ಕಳೆದ ವರ್ಷದ ಬೇಸಿಗೆ ನಿನಗೆ ನೆನಪಿಲ್ಲವೇ? ಬಾವಿಯಲ್ಲಿ ಎರೆಮಣ್ಣು ಮುಗಿದು ಕರಿಕಲ್ಲು ಬಂತು, ಅದನ್ನು ಒಡೆದ ಮೇಲೆ ಬೂದಿಬಣ್ಣದ ಮೆತ್ತನೆಯ ಪದರು, ಅದರಡಿ ಮತ್ತೆ ಕರಿಕಲ್ಲು. ಆ ಬೂದಿ ಪದರಿನ ಬುಟ್ಟಿ ಮೇಲೆ ಬಂದಾಗಲೇ ನಾನು ಅದರಿಂದ ಶಂಖದಂಥ ಕಲ್ಲನ್ನು ತೆಗೆದೆ. ಈ ಸೀಮೆಯಲ್ಲಿ ಲೂಟಿ-ಹೊಡೆದಾಟದ ಗದ್ದಲ ಶುರುವಾಗಿ ನೀವಿಬ್ಬರೂ ಸೊಲ್ಲಾಪುರಕ್ಕೆ ಹೊರಟಾಗ ಗುರಮ್ಮ ಅದನ್ನು ಟ್ರಂಕಿನಲ್ಲಿಟ್ಟುಕೊಂಡಳು. ಎಮ್ಮೆ ಕಾಯುತ್ತ ಇಲ್ಲೇ ಉಳಿದವಳನ್ನು ಯಾರು ಕೇಳಬೇಕು?

ಕದ್ದದ್ದು ಒಂದು ತಪ್ಪು, ಕಲ್ಲಿನ ವಯಸ್ಸು ಕೆಡಿಸಿದ್ದು ಇನ್ನೊಂದು. ಅದು ಬಾವಿಯಿಂದ ತೆಗೆದ ಮಣ್ಣಿನ ಗುಡ್ಡೆಯ ನೆತ್ತಿಯ ಮೇಲೆ ಸಿಕ್ಕಿತೆಂದು ಗುರಮ್ಮ ಹೇಳಿದಳಂತೆ, ಮೇಲಿನದು ಹೊಸದು ಎಂದು ನೀನು ಅದಕ್ಕೆ ಬರೀ ಸಾವಿರ ವರ್ಷ ಕೊಟ್ಟೆಯಂತೆ. ಅಯ್ಯೋ ಹುಚ್ಚಪ್ಪ, ಬಾವಿಯ ಗುಡ್ಡೆ ತಲೆಕೆಳಗಾದ ಭೂಮಿ! ಕೊನೆಗೆ ಅಗೆದ ಆಳದ ಕಲ್ಲೇ ಅದರ ನೆತ್ತಿಗೆ ಬರುತ್ತದೆ. ಹೆಂಡತಿಯ ಮಾತು ಕೇಳಿ ಓದಿದ್ದನ್ನೆಲ್ಲ ಮರೆತೆಯಾ? ನೀನು ಬಿಟ್ಟುಹೋದ ಭೂವಿಜ್ಞಾನದ ಉರ್ದು ಪುಸ್ತಕವನ್ನು ನಾನು ಪೂರ್ತಿ ಓದಿದ್ದೇನೆ, ಪಕ್ಕದ ಮನೆಯ ಫಕ್ರುನ್ನಿಸಾ ಅಕ್ಷರ ಕಲಿಸಿದ ಪುಣ್ಯದಿಂದ. ಕೆರೆಯ ಶಂಖದ ಹುಳು ಸತ್ತು ಕೆಸರಿನಲ್ಲಿ ಹೂತುಹೋಗುತ್ತದೆ. ಮಾಂಸ ಕೊಳೆಯುತ್ತದೆ, ಚಿಪ್ಪು ಉಳಿಯುತ್ತದೆ. ನೀರಿನಲ್ಲಿ ಕರಗಿದ ಖನಿಜ ಒಳಗಿಳಿದು ಚಿಪ್ಪಿನ ಜಾಗವನ್ನು ತಾನೇ ಹಿಡಿದು ಕಲ್ಲಾಗುತ್ತದೆ. ನಮ್ಮ ಕರಿಕಲ್ಲು ಹಿಂದೆ ಭೂಮಿಯಿಂದ ಉಕ್ಕಿ ಹರಿದ ಬೆಂಕಿ. ಒಂದು ಸಲ ಹರಿದು ತಣ್ಣಗಾದ ಮೇಲೆ ಕೆರೆ ನಿಂತಿತು, ಹುಳು ಬದುಕಿತು, ಮತ್ತೆ ಬೆಂಕಿ ಹರಿದು ಮುಚ್ಚಿತು. ಹಾಗಾದರೆ ಹುಳು ಮೇಲಿನ ಕಲ್ಲಿಗಿಂತ ಹಳೆಯದು, ಕೆಳಗಿನದಕ್ಕಿಂತ ಹೊಸದು. ವರ್ಷ ಎಷ್ಟೆಂಬುದನ್ನು ಪಂಡಿತರು ಬೇರೆ ಕಡೆಯ ಇಂಥದೇ ಚಿಪ್ಪುಗಳೊಡನೆ ಹೋಲಿಸಿ ಹೇಳುತ್ತಾರೆ. ಕೆಲವು ಕಲ್ಲುಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆಯೆಂದು ಅಳೆದೂ ಲೆಕ್ಕ ಹಾಕುತ್ತಾರೆ. ನಮ್ಮದನ್ನು ಯಾರೂ ಅಳೆದಿಲ್ಲ, ಆದರೆ ಅದು ಕೋಟಿಗಟ್ಟಲೆ ವರ್ಷದ ಮಾತು, ಸಾವಿರದ್ದಲ್ಲ.

ಹೌದು, ನನಗೆ ಹೊಟ್ಟೆಕಿಚ್ಚು. ನಾನು ಹೊಲಿದ ಕೌದಿಯನ್ನು ಅಫಜಲಪುರದ ತವರಿನಲ್ಲಿ ತನ್ನದೆಂದು ಹರವಿದವಳು ಆಕೆ. ಆಗಲೂ ನೀನು ಸುಮ್ಮನಿದ್ದೆ. ಸಣ್ಣವನಿದ್ದಾಗ ಹಳ್ಳದಲ್ಲಿ ಬಣ್ಣದ ಕಲ್ಲು ಸಿಕ್ಕರೆ ಮೊದಲು ನನ್ನ ಅಂಗೈಗೆ ಹಾಕುತ್ತಿದ್ದೆ. ಈಗ ನನ್ನ ಅಂಗೈಯೊಳಗಿನದನ್ನೇ ಆಕೆಯ ಮಡಿಲಿಗೆ ಹಾಕಿದೆ.

ಎಮ್ಮೆ ಕರು ಹಾಕಿದೆ. ಬಾವಿಯ ನೀರು ಸಿಹಿಯಾಗಿದೆ. ಇಬ್ಬರೂ ನೂರ್ಕಾಲ ಬಾಳಿ. ಕೋಪದಲ್ಲೂ ಮನಸಾರೆ ಹರಸಿದ್ದೇನೆ.

ನಿನ್ನ ಅಕ್ಕ,
ಸಾಬಮ್ಮ

ಮರೆತಿದ್ದೆ: ಕಲ್ಲನ್ನು ಗುರಮ್ಮನ ಹೆಸರು, ಸಾವಿರ ವರ್ಷದ ಚೀಟಿ ಹಚ್ಚಿ ಪುಣೆಯ ಒಂದು ಕಾಲೇಜಿಗೆ ಕಳಿಸುತ್ತೀರೆಂದು ಸೈದಪ್ಪ ಹೋಗುವಾಗ ಹೇಳಿದ. ಕಳಿಸಬೇಡ. ಶಂಖ ಕೂತಿದ್ದ ಬೂದಿ ಪದರಿನ ಹೆಂಟೆ ನನ್ನ ಹತ್ತಿರವೇ ಇದೆ, ಅದರ ಸುರುಳಿಯ ಅಚ್ಚು ಒಳಗೆ ಹಾಗೇ ಮೂಡಿದೆ. ಸಂಕ್ರಾಂತಿಯ ಮುಂಚೆ ಅದನ್ನು ತಗೊಂಡು ಬರುತ್ತೇನೆ. ಅದೇ ವಾಚನಾಲಯದಲ್ಲಿ ಅದೇ ಜನರನ್ನು ಕೂಡಿಸು. ಶಂಖವನ್ನು ಅಚ್ಚಿನೊಳಗೆ ನಿನ್ನ ಕೈಯಿಂದಲೇ ಇಟ್ಟು, ಅದನ್ನು ಯಾರು ತೆಗೆದರು, ಯಾವ ಪದರಿನಿಂದ ತೆಗೆದರು, ಎಲ್ಲರಿಗೂ ಕೇಳುವ ಹಾಗೆ ಹೇಳು.