ಹೆಳವ ನಿನ್ನ ಹೆಸರಿಗೇ ನಿಂತ

ಅಪ್ಪಾ,

ಇದನ್ನು ಓದಲು ನೀನಿಲ್ಲ. ಇದ್ದಿದ್ದರೆ ಬರೆಯುತ್ತಿರಲಿಲ್ಲ, ಎದುರಿಗೇ ನಿಂತು ಕೇಳುತ್ತಿದ್ದೆ.

ನೀನು ಸತ್ತ ಮೇಲೆ ಮೊದಲ ಸಲ ಇವತ್ತು ನಮ್ಮ ವಂಶಾವಳಿ ಹಾಡುವ ಹೆಳವ ಬಂದಿದ್ದ. ಎತ್ತು ಬಿಟ್ಟು ಈಗ ಬೈಕಿನ ಮೇಲೆ ಬರುತ್ತಾನೆ. ಕಟ್ಟೆಯ ಮೇಲೆ ಕೂತು, ವನದುರ್ಗದಿಂದ ಕುರಿ ಹೊಡೆದುಕೊಂಡು ಸುರಪುರದ ಸೀಮೆಗೆ ಬಂದ ಮೂಲಪುರುಷ ಸಿದ್ದಮಲ್ಲನಿಂದ ಶುರುಮಾಡಿದ. ಅವನ ಮಗ, ಮೊಮ್ಮಗ, ಮರಿಮಗ ಎಲ್ಲರೂ ಬಂದರು. ಕೊನೆಗೆ ನೀನು, ಹಣಮಂತ್ರಾಯ. ಅಲ್ಲಿಗೆ ನಿಲ್ಲಿಸಿಬಿಟ್ಟ.

"ಮುಂದ?" ಎಂದೆ.

"ಮುಂದ ಯಾರೂ ಇಲ್ರಿ. ನನಗ ಮಕ್ಕಳಿಲ್ಲ, ಇಲ್ಲಿಗೇ ಮುಗಸು ಅಂತ ನಿಮ್ಮಪ್ಪನವ್ರೇ ಹೇಳ್ಯಾರ."

ಮಕ್ಕಳಿಲ್ಲವಂತೆ! ನೀನು ಹಾಸಿಗೆ ಹಿಡಿದಾಗ ನಿನ್ನ ಕುರಿ ಕಾಯ್ದವಳು, ನಿನ್ನನ್ನು ಹೊತ್ತು ಶಹಾಪುರದ ದವಾಖಾನೆಯ ಮೆಟ್ಟಿಲು ಹತ್ತಿದವಳು ಯಾರು, ಪಕ್ಕದ ಮನೆಯವಳೇ?

ಸಿಟ್ಟು ನೆತ್ತಿಗೇರಿತು. "ಅಪ್ಪನ ಹೆಸರು ಬ್ಯಾಡ. ಸುಕನ್ಯಾ, ಮಾಳಮ್ಮನ ಮಗಳು, ಅಂತ ಸೇರಿಸು" ಎಂದೆ.

ಹೆಳವ ತಬ್ಬಿಬ್ಬಾದ. "ಮಾಳಮ್ಮ ಅಂದ್ರ ಯಾರ್ರಿ?"

ಅವನ ಚೀಲಕ್ಕೆ ಮೊರದಿಂದ ಜೋಳ ಸುರಿಯುತ್ತಿದ್ದ ನಿನ್ನ ಹೆಂಡತಿ, ನನ್ನವ್ವ, ತಲೆ ಎತ್ತಲಿಲ್ಲ.