ಹನ್ನೊಂದನೆಯ ಕಿಂಡಿ

ಜನವರಿ 9
ಸಾರುವೆ ಕಟ್ಟಿ ಮುಗಿಯಿತು. ಬೊಂಬು ಸಾಲದೆ ಅರ್ಧ ದಿನ ಹಾಳು. ಗೋಡೌನಿನ ಹಿಂಗೋಡೆ, ನಮ್ಮ ಮನೆಗೆ ಎದುರು. ನಡುವೆ ಒಂದು ಓಣಿ ಅಷ್ಟೇ. ಇಪ್ಪತ್ತಾರು ವರ್ಷದ ಗಾರೆ ಕೆಲಸದಲ್ಲಿ ಇಷ್ಟು ಹತ್ತಿರದ ಸೈಟ್ ಸಿಕ್ಕಿರಲಿಲ್ಲ. ಮಧ್ಯಾಹ್ನ ಮನೆಗೇ ಬಂದು ಉಂಡೆ. ಮಹಡಿಯಲ್ಲಿ ಅಕ್ಕನ ಕೋಣೆ ಖಾಲಿ. ಆಸ್ಪತ್ರೆಯಲ್ಲಿ ಇನ್ನೂ ಮೂರು ವಾರವಂತೆ. ಶ್ವಾಸಕೋಶದಲ್ಲಿ ನೀರು ತುಂಬಿದೆ.

ಅವಳು ಬರುವಷ್ಟರಲ್ಲಿ ಗೋಡೆ ಹೊಸದರ ಹಾಗೆ ಇರಬೇಕು. ನಾಲ್ಕು ವರ್ಷದಿಂದ ಮಂಚ ಹಿಡಿದವಳು. ಕಿಟಕಿಯಿಂದ ಕಾಣುವುದು ಇದೊಂದೇ ಗೋಡೆ.

ಜನವರಿ 14
ಗೋಡೆಯ ಮೇಲ್ಭಾಗದಲ್ಲಿ ಹನ್ನೊಂದು ಕಿಂಡಿ. ಹಿಂದಿನವರು ಸಾರುವೆಯ ಮರ ಸಿಕ್ಕಿಸಲು ಬಿಟ್ಟಿದ್ದು. ಕೆಲಸ ಮುಗಿದ ಮೇಲೆ ಮುಚ್ಚಲು ಅವರಿಗೇನು ರೋಗ? ಟಾರ್ಚ್ ಬಿಟ್ಟು ನೋಡಿದೆ. ಹುಲ್ಲು, ಪುಕ್ಕ, ಧೂಳು. ಜೀವ ಇರುವ ಯಾವುದೂ ಇಲ್ಲ. ಎರಡು ಚೀಲ ಕಸ ತೆಗೆದೆ.

ಜನವರಿ 17
ಹನ್ನೊಂದೂ ಮುಚ್ಚಿದೆ. ಅದೇ ಬಣ್ಣದ ಹಳೇ ಕಲ್ಲು ಹುಡುಕಿ, ಅಳತೆಗೆ ಕೆತ್ತಿ, ಸಿಮೆಂಟ್ ಗಾರೆಯಲ್ಲಿ ಕೂರಿಸಿ, ಸಂದಿನ ಗೆರೆ ಪಕ್ಕದ ಕಲ್ಲಿಗೆ ಸೇರುವ ಹಾಗೆ ಎಳೆದೆ. ಓಣಿಯಲ್ಲಿ ನಿಂತು ನೋಡಿದರೆ ಎಲ್ಲಿತ್ತು ಅಂತ ನನಗೇ ತಿಳಿಯಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಫೆಬ್ರವರಿ 3
ಅಕ್ಕ ಮನೆಗೆ ಬಂದಳು. ಆಂಬುಲೆನ್ಸ್ ಡ್ರೈವರ್ ಒಂದು ಕಡೆ, ನಾನೊಂದು ಕಡೆ, ಕುರ್ಚಿ ಸಮೇತ ಮಹಡಿಗೆ ಹೊತ್ತೆವು. ಮೆಟ್ಟಿಲು ಮೆಟ್ಟಿಲಿಗೂ ಬೈಗುಳ. ಸಿಮೆಂಟ್ ಮೂಟೆ ಹೊರುವಾಗ ಇಷ್ಟು ಉಸ್ಸಪ್ಪಾ ಅನ್ನಲ್ಲವಲ್ಲ, ಅಂತೆ. ಆ ಬಾಯಿ ಕೇಳಿ ಸಮಾಧಾನ ಆಯಿತು.

ಪರದೆ ಸರಿಸಿದೆ. ಅಕ್ಕ ನೋಡಿದಳು. ಗೋಡೆಯ ತುದಿಯಿಂದ ತುದಿಗೆ ಕಣ್ಣಾಡಿಸಿದಳು.

“ಕಿಂಡಿ ಎಲ್ಲೋ?”

“ಮುಚ್ಚಿದೆ. ನಾನೇ. ಹೇಗಿದೆ?”

“ಅವು ಬರುತ್ತವಲ್ಲೋ. ಎಲ್ಲಿಗೆ ಹೋಗಬೇಕು?”

ಏನು ಬರುತ್ತವೆ ಅಂತಲೂ ನನಗೆ ಗೊತ್ತಿರಲಿಲ್ಲ. ಬೆಳಗ್ಗೆ ಆರಕ್ಕೆ ಹೋಗಿ ಕತ್ತಲಾದ ಮೇಲೆ ಬರುವವನು. ಭಾನುವಾರ ಹೆಣದ ಹಾಗೆ ನಿದ್ದೆ.

ಫೆಬ್ರವರಿ 5
ಅಕ್ಕ ಎಲ್ಲ ಹೇಳಿದಳು. ಸಣ್ಣ ಕಪ್ಪು ಹಕ್ಕಿಗಳು, ಬಾಗಿದ ರೆಕ್ಕೆ. ಕುಡುಗೋಲು ಹಕ್ಕಿ ಅಂತ ಇವಳದೇ ನಾಮಕರಣ. ನೆಲಕ್ಕೆ ಇಳಿಯುವುದಿಲ್ಲ, ಕೊಂಬೆಯ ಮೇಲೆ ಕೂರುವುದಿಲ್ಲ. ಪ್ರತಿ ಮಾರ್ಚ್‌ಗೆ ಬರುತ್ತವೆ, ಹೋದ ವರ್ಷದ ಅದೇ ಕಿಂಡಿಗೆ. ಒಂದೊಂದಕ್ಕೂ ಹೆಸರು ಇಟ್ಟಿದ್ದಾಳೆ. ಜಗಳಗಂಟರ ಮನೆ. ಹೊಸ ಮದುವೆಯವರು. ಎಲ್ಲರೂ ಬಂದು ಹದಿನೈದು ದಿನದ ಮೇಲೆ ಬರುವವು ಸೋಮಾರಿಗಳು.

ಬೇರೆ ಕಟ್ಟಡಕ್ಕೆ ಹೋಗುತ್ತವೆ ಬಿಡು ಅಂದೆ. ಯಾವುದಕ್ಕೆ, ಅಂದಳು. ಯೋಚಿಸಿದೆ. ಹಳೇ ಅಂಚೆ ಕಚೇರಿ ಬಿತ್ತು. ಹತ್ತಿ ಮಿಲ್ಲಿನ ಜಾಗದಲ್ಲಿ ಈಗ ಬರೀ ಗಾಜು. ಕೆರೆ ಮುಚ್ಚಿದ ಮೇಲೆ ಹುಳುವೂ ಕಡಿಮೆಯಂತೆ. ಮೊದಲು ಇಡೀ ಓಣಿಯ ಮೇಲೆ ಕಿರುಚಾಡುತ್ತಿದ್ದವು, ಕೊನೆಗೆ ಈ ಗೋಡೆಯೊಂದೇ ಉಳಿದಿತ್ತು.

ಫೆಬ್ರವರಿ 11
ಕಿಂಡಿ ಮತ್ತೆ ತೆರೆಯಲಾ ಅಂತ ಕೇಳಲು ಗೋಡೌನ್ ಯಜಮಾನರ ಹತ್ತಿರ ಹೋದೆ. ಒಳಗೆ ಕಾಗದದ ರೀಲು ಇದೆ, ತೇವ ತಾಕಿದರೆ ಯಾರು ಹೊಣೆ ಅಂದರು. ಐದು ವರ್ಷ ನೀರು ಬರಲ್ಲ ಅಂತ ಬರೆದು ಕೊಟ್ಟವನು ನೀನೇ ಅಲ್ಲವಾ. ಹೌದು, ನಾನೇ. ಅಕ್ಕನಿಗೆ ಹೇಳಲಿಲ್ಲ. ಯಜಮಾನರು ಊರಲ್ಲಿಲ್ಲ ಅಂದುಬಿಟ್ಟೆ.

ಮಾರ್ಚ್ 17
ಬಂದವು.

ಅಕ್ಕ ಫೋನ್ ಮಾಡಿ ಸೈಟಿಂದ ಕರೆಸಿದಳು. ದೂರದಿಂದ ಬಾಣ ಬಿಟ್ಟ ಹಾಗೆ ನೇರ ಗೋಡೆಗೆ. ಕಿಂಡಿ ಇದ್ದ ಜಾಗಕ್ಕೇ. ಎದೆ ಬಡಿದು, ಉಗುರಲ್ಲಿ ಕೆರೆದು, ಜಾರಿ, ಮತ್ತೆ ಸುತ್ತು ಹಾಕಿ ಬಂದು ಮತ್ತೆ ಅಲ್ಲೇ. ನಾನು ನುಣ್ಣಗೆ ಉಜ್ಜಿದ ಕಲ್ಲಿನ ಮೇಲೆ ಹಿಡಿಯಲು ಏನೂ ಇಲ್ಲ.

ಪರದೆ ಎಳೆಯಲು ಹೋದೆ. ಅಕ್ಕ ಕೈ ಹಿಡಿದು ನಿಲ್ಲಿಸಿದಳು. “ನೋಡು” ಅಂದಳು ಅಷ್ಟೇ. ನೋಡಿದೆ.

ಮಾರ್ಚ್ 18
ಬೆಳಗ್ಗೆ ಓಣಿಯಲ್ಲಿ ಒಂದು ಸತ್ತು ಬಿದ್ದಿತ್ತು. ಕೈಯಲ್ಲಿ ತೂಕವೇ ಇಲ್ಲ. ಸಿಮೆಂಟ್ ಚೀಲದ ಕಾಗದದಲ್ಲಿ ಸುತ್ತಿ ಯಜಮಾನರ ಮೇಜಿನ ಮೇಲೆ ಇಟ್ಟೆ. ನನ್ನ ಕೆಲಸ ಇದು ಅಂದೆ. ಕಿಂಡಿ ತೆರೆದು ಹಿಂಬದಿಗೆ ಕಲ್ಲಿನ ಚಪ್ಪಡಿ ಕೊಡುತ್ತೇನೆ, ತಳ ಹೊರಕ್ಕೆ ಇಳಿಜಾರು, ಒಂದು ಹನಿ ಒಳಗೆ ಬಂದರೂ ಇಡೀ ಗೋಡೆ ಪುಕ್ಕಟೆ ಮಾಡಿಕೊಡುತ್ತೇನೆ ಅಂದೆ. ಯಜಮಾನರು ಪೊಟ್ಟಣವನ್ನು ನೋಡುತ್ತಲೇ ಇದ್ದರು. ಆಮೇಲೆ ಹೂಂ ಅಂದರು.

ಮಾರ್ಚ್ 20
ಸಾರುವೆ ಮತ್ತೆ ಏರಿತು. ಹತ್ತಿದರೆ ಕಿಂಡಿ ಎಲ್ಲಿ? ಸುತ್ತಿಗೆಯ ಹಿಡಿಯಲ್ಲಿ ತಟ್ಟಿದೆ, ಎಲ್ಲ ಕಡೆಯೂ ಒಂದೇ ಗಟ್ಟಿ ಸದ್ದು. ಹಕ್ಕಿಗಳೋ, ನಾನು ಹತ್ತಿದೊಡನೆ ಚದುರಿ ಮೇಲಕ್ಕೆ. ನನ್ನದೇ ಕೆಲಸ, ನನಗೇ ಗುರುತು ಸಿಗುತ್ತಿಲ್ಲ. ಕಿಟಕಿಯಿಂದ ಅಕ್ಕ ಎಡಕ್ಕೆ, ಬಲಕ್ಕೆ ಅಂತ ಕೂಗಿ ಕೂಗಿ ಕೆಮ್ಮು ಹತ್ತಿಸಿಕೊಂಡಳು.

ಮಾರ್ಚ್ 21
ಅಕ್ಕನ ತಲೆಯೇ ತಲೆ. ಮೂರು ಗಂಟೆಯ ಮೇಲೆ ಗೋಡೌನಿನ ಮಾಡು ದಾಟಿ ಬಿಸಿಲು ಅವಳ ಮಂಚಕ್ಕೆ ಬೀಳುತ್ತದೆ, ಗೋಡೆ ನೆರಳಲ್ಲಿ. ಕೈಗನ್ನಡಿ ಹಿಡಿದು ಬಿಸಿಲನ್ನು ಗೋಡೆಯ ಮೇಲೆ ಬಿಟ್ಟಳು. ರೊಟ್ಟಿಯಷ್ಟಗಲ ಬೆಳಕು ತೆವಳಿ ತೆವಳಿ ಒಂದು ಕಲ್ಲಿನ ಮೇಲೆ ನಿಂತಿತು. ಅಲ್ಲಿ ಉಳಿ ಇಟ್ಟೆ. ಜಗಳಗಂಟರ ಮನೆ! ಸಂಜೆಯೊಳಗೆ ಎರಡು ತೆರೆದೆ.

ಸುಣ್ಣದ ಗಾರೆಯಾಗಿದ್ದರೆ ಕೆರೆದರೆ ಸಾಕಿತ್ತು. ಸಿಮೆಂಟ್ ಬಿಡುವುದಿಲ್ಲ. ಅಂಗೈ ಬೊಬ್ಬೆ.

ಮಾರ್ಚ್ 27
ಹತ್ತು ಆಯಿತು. ಕನ್ನಡಿ ಹಿಡಿದ ಕೈ ನಡುಗುತ್ತಿತ್ತು, ಬೆಳಕೂ ನಡುಗುತ್ತಿತ್ತು. ಸಾಕು ಮಾಡು ಅಂದೆ. ಸೋಮಾರಿಗಳದ್ದು ಒಂದೇ ಬಾಕಿ. “ಅವಕ್ಕೇನು ಅವಸರ, ನಾಳೆ ಮಾಡೋಣ” ಅಂದು ನಕ್ಕಳು.

ತೆರೆದ ಕಿಂಡಿಗೆ ಒಂದೂ ಬಂದಿಲ್ಲ. ಉಳಿಯ ಸದ್ದಿಗೆ ಹೆದರಿವೆಯೇನೋ. ಮೇಲೆ ಸುತ್ತುವುದೂ ಕಡಿಮೆಯಾಗಿದೆ.

ಮಾರ್ಚ್ 28
ಮಧ್ಯಾಹ್ನ ಅಕ್ಕನಿಗೆ ಉಸಿರೇ ಸಿಗಲಿಲ್ಲ. ಆಸ್ಪತ್ರೆ. ಕನ್ನಡಿ ಹಾಸಿಗೆಯ ಮೇಲೇ ಇದೆ.

ಏಪ್ರಿಲ್ 2
ಆಕಾಶ ಖಾಲಿ. ಹೊರಟುಹೋದವು.

ಮೂಗಿಗೆ ಕೊಳವೆ ಹಾಕಿದ್ದಾರೆ. ಬಂದವಾ ಅಂತ ಕಣ್ಣಲ್ಲೇ ಕೇಳಿದಳು. ಬಂದವು ಅಕ್ಕ, ಒಂದು ಜೋಡಿ ಒಳಗೇ ಹೋಯಿತು ಅಂದೆ.

“ಯಾವುದಕ್ಕೆ?”

ಬಾಯಿಗೆ ಬಂದ ಹೆಸರು ಹೇಳಿದೆ. ಸೋಮಾರಿಗಳ ಮನೆಗೆ.

ಹೇಳಿದ ಮೇಲೆ ಹೊಳೆಯಿತು. ಅದನ್ನು ನಾನು ತೆರೆದೇ ಇಲ್ಲ. ಅಕ್ಕನಿಗೂ ಗೊತ್ತು. ನನ್ನ ಅಂಗೈ ತಿರುಗಿಸಿ, ಬೊಬ್ಬೆಗಳ ಮೇಲೆ ಬೆರಳಾಡಿಸುತ್ತಾ ಮಲಗಿದಳು.

ಏಪ್ರಿಲ್ 6
ಅಕ್ಕ ಇಲ್ಲ. ಬೆಳಗ್ಗೆ ನಾಲ್ಕೂಕಾಲು.

ಜುಲೈ 19
ಏಣಿ ಹಾಕಿ ಹನ್ನೊಂದನೆಯದನ್ನು ಮತ್ತೆ ಹುಡುಕಿದೆ. ಬಲತುದಿಯಲ್ಲಿ ಅಂತ ಗೊತ್ತು, ಯಾವ ಕಲ್ಲು ಅಂತ ಗೊತ್ತಿಲ್ಲ. ಮೂರು ಕಲ್ಲಿನ ಸಂದು ಬಿಡಿಸಿದೆ, ಎಲ್ಲ ಗಟ್ಟಿ ಗೋಡೆ. ಇನ್ನೂ ಕೆದಕಿದರೆ ಗೋಡೆ ಸಡಿಲ ಆಗುತ್ತದೆ. ಮಳೆ ಚೆನ್ನಾಗಿ ಹೊಡೆದರೂ ಗೋಡೌನಿನೊಳಗೆ ಒಂದು ಹನಿ ಇಲ್ಲ. ಯಾರಿಗೆ ಹೇಳಲಿ.

ಡಿಸೆಂಬರ್ 2
ಶಾಲೆಯ ಹೊಸ ಕಟ್ಟಡ. ಸೂರಿನ ಕೆಳಗೆ ನಾಲ್ಕು ಕಿಂಡಿ ಬಿಡಬೇಕು ಅಂದೆ. ಇಂಜಿನಿಯರ್ ನಕ್ಕರು. ವಿವರಿಸಿದೆ. ಎರಡು ಬಿಡು ಅಂದರು. ನಾಲ್ಕು ಬಿಟ್ಟೆ.

ಮಾರ್ಚ್ 19
ಬಂದಿವೆ. ಹೋದ ವರ್ಷದ ಅರ್ಧವೂ ಇಲ್ಲ. ಗೋಡೌನಿನ ಎರಡು ಕಿಂಡಿಗೆ ಸೇರಿಕೊಂಡವು. ಒಂದರಲ್ಲಿ ಭಾರೀ ಗಲಾಟೆ. ಜಗಳಗಂಟರೇ ಇರಬೇಕು. ನೋಡಬೇಕಾದವಳು ಇಲ್ಲ. ಅಡುಗೆಮನೆಗೆ ಹೋಗಿ ಅತ್ತೆ.

ಏಪ್ರಿಲ್ 4, ಸಂಜೆ 5.10
ರಜೆ ಹಾಕಿದ್ದೇನೆ. ಅಕ್ಕನ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಹದಿನೈದು ದಿನ ತಡವಾಗಿ ಒಂದು ಜೋಡಿ ಬಂದಿದೆ. ಎಂಟು ಕಿಂಡಿ ಬಾಯಿ ತೆರೆದು ಖಾಲಿ ಇವೆ, ಅತ್ತ ತಿರುಗಿಯೂ ನೋಡಲಿಲ್ಲ. ನೇರ ಬಲತುದಿಗೆ. ಬೋಳು ಕಲ್ಲಿಗೆ ಎದೆ ಬಡಿದು ಜಾರಿತು. ಮತ್ತೆ ಅದೇ ಕಲ್ಲು. ನಾನು ಹುಡುಕಿದ್ದಕ್ಕಿಂತ ಒಂದು ಮೊಳ ಮೇಲೆ, ಮೂಲೆಯಿಂದ ಮೂರನೆಯದು.

ಅಕ್ಕ, ಸೋಮಾರಿಗಳು ಬಂದರು. ಇವತ್ತು ಸುಳ್ಳಲ್ಲ.

ನಾಲ್ಕನೇ ಸಲ ಬಡಿಯಿತು. ಬರೆಯಲು ತಲೆ ತಗ್ಗಿಸಿದರೆ ಕಲ್ಲು ತಪ್ಪಿಹೋಗುತ್ತದೆ. ಇನ್ನೂ ಬೆಳಕಿದೆ. ಉಳಿ ಚೀಲದಲ್ಲೇ ಇದೆ, ಏಣಿ —